ನಿಲ್ಲದ ಕೋಶಗಳು

ಫ್ಲಾಸ್ಕಿನಲ್ಲಿದ್ದ ಜೀವಕೋಶಗಳೆಲ್ಲ ಕೆಟ್ಟಿದ್ದವು.

"ಮತ್ತೆ ಹೋಯ್ತು ಮೇಡಂ. ನಾನೇನೂ ತಪ್ಪು ಮಾಡಿಲ್ಲ." ಯುವ ಸಂಶೋಧಕಿ ಕಣ್ಣೊರೆಸಿಕೊಂಡಳು.

ಪ್ರಯೋಗಾಲಯದ ಮೇಲ್ವಿಚಾರಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ವರ್ಣತಂತುಗಳು ಚೂರುಚೂರು. ಸಂಜೆಯೊಳಗೆ ಕಾರಣ ಸಿಗದಿದ್ದರೆ ಹುಡುಗಿಯನ್ನು ಕಳಿಸಿಬಿಡಿ ಎಂದು ನಿರ್ದೇಶಕರು ಹೇಳಿಯಾಗಿತ್ತು.

"ಅಳಬೇಡ ಕಣೇ. ಮೊದಲು ಮುಖ ತೊಳ್ಕೊ, ಹೋಗು."

* * *

ಕ್ಷ-ಕಿರಣ ಬಿದ್ದರೂ ವರ್ಣತಂತುಗಳು ಹೀಗೇ ಹರಿಯುತ್ತವೆ. ಅನುಮಾನ ಮೊದಲು ಹೋದದ್ದು ಪಕ್ಕದ ಕೋಣೆಯ ಕ್ಷ-ಕಿರಣ ಯಂತ್ರದವನ ಮೇಲೆ. ಅವನಿಗೂ ಹುಡುಗಿಗೂ ಎಣ್ಣೆ ಸೀಗೆಕಾಯಿ.

"ನನ್ನ ಮೇಲೇ ಗೂಬೆ ಕೂರಿಸ್ತೀರಾ ಮೇಡಂ? ಈ ಯಂತ್ರ ಆನ್ ಮಾಡಿದ್ರೆ ಇಡೀ ಮಹಡಿಗೆ ಕೇಳ್ಸುತ್ತೆ. ಕದ್ದು ಮಾಡೋ ಕೆಲಸಾನಾ ಇದು?"

ಮೇಲ್ವಿಚಾರಕಿ ಮರಳಿ ಬಂದು ಮತ್ತೆ ನೋಡಿದಳು. ಆಗ ಹೊಳೆಯಿತು. ಕೋಶಗಳು ಹರಿದ ವರ್ಣತಂತುಗಳನ್ನು ಎಳೆದುಕೊಂಡೇ ಇಬ್ಭಾಗವಾಗುತ್ತಿದ್ದವು.

ಹಾಗಾಗಬಾರದು. ಕೋಶದೊಳಗೆ ಕೈನೇಸ್ ಎಂಬ ಪ್ರೋಟೀನುಗಳ ಕಾವಲಿದೆ. ವರ್ಣತಂತು ಹರಿದರೆ ಒಂದು ಕೈನೇಸ್ ಇನ್ನೊಂದಕ್ಕೆ ಫಾಸ್ಫೇಟಿನ ಮುದ್ರೆ ಒತ್ತಿ ಸುದ್ದಿ ಮುಟ್ಟಿಸುತ್ತದೆ. ವಿಭಜನೆ ನಿಲ್ಲುತ್ತದೆ. ರಿಪೇರಿಯಾದ ಮೇಲಷ್ಟೇ ಮುಂದಿನ ಹೆಜ್ಜೆ. ಕ್ಷ-ಕಿರಣ ಬಿದ್ದಿದ್ದರೆ ಇವು ನಿಂತಿರಬೇಕಿತ್ತು.

ಯಾರೋ ಕಾವಲುಗಾರರ ಕೈ ಕಟ್ಟಿದ್ದರು. ಹಾಗಾದರೆ ಕ್ಷ-ಕಿರಣವೇ ಬೇಕಿಲ್ಲ, ತಾವಾಗಿಯೇ ಆಗುವ ಸಣ್ಣ ಬಿರುಕುಗಳೇ ಬೆಳೆದು ವರ್ಣತಂತು ಚೂರಾಗುತ್ತದೆ.

ಫ್ರೀಜರ್ ತೆರೆದಳು. ಕೈನೇಸನ್ನು ತಡೆಯುವ ಔಷಧಿಯ ಟ್ಯೂಬು ಅರ್ಧ ಖಾಲಿ. ಮುಚ್ಚಳದ ಅಂಚು ಜಿನುಗಿ ಅಂಟಂಟಾಗಿತ್ತು.

* * *

ಊಟದ ಕೋಣೆಯಲ್ಲಿ ಒಬ್ಬನೇ ಕೂತಿದ್ದ, ಎಲ್ಲರೂ ಅಣ್ಣ ಎಂದು ಕರೆಯುವ ಹಿರಿಯ ವಿಜ್ಞಾನಿ. ಮನೆಯಲ್ಲಿ ಯಾರೂ ಇಲ್ಲ. ಒಣ ಬ್ರೆಡ್ಡು. ಎದುರಿನ ಕುರ್ಚಿ ಹುಡುಗಿಯದು, ಇವತ್ತು ಖಾಲಿ.

"ಬನ್ನಿ ಮೇಡಂ, ಅಪರೂಪಕ್ಕೆ ಜೊತೆ ಸಿಕ್ತು."

ಮೇಲ್ವಿಚಾರಕಿ ಕೂತಳು. ಅವನ ಉಸಿರಿನಲ್ಲಿ ಬೆಳ್ಳುಳ್ಳಿ ಗಮ್ಮೆಂದಿತು.

"ಬೆಳ್ಳುಳ್ಳಿ ಕಂಡ್ರೆ ನಿಮಗೆ ಆಗಲ್ಲ ಅಲ್ವಾ?"

ಅವನ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು.

"ಆ ಔಷಧಿಯ ದ್ರಾವಕ ಚರ್ಮದಿಂದ ಒಳಗೆ ಹೋಗಿ, ಉಸಿರಲ್ಲಿ ಹೀಗೇ ನಾರುತ್ತೆ. ಹುಡುಗಿ ಗ್ಲೌಸ್ ಇಲ್ದೆ ಬಾಗಿಲ ಹಿಡಿಕೆ ಕೂಡ ಮುಟ್ಟಲ್ಲ. ಹೆಪ್ಪುಗಟ್ಟಿದ ಟ್ಯೂಬನ್ನ ಬರಿ ಮುಷ್ಟಿಯಲ್ಲಿ ಹಿಡಿದು ಕರಗಿಸೋದು ನೀವೊಬ್ಬರೇ. ಎಷ್ಟು ಸಲ ಬೈದಿದ್ದೀನಿ! ನೀವು ಪ್ರಯೋಗ ಬಿಟ್ಟು ಕಂಪ್ಯೂಟರ್ ಮುಂದೆ ಕೂತು ತಿಂಗಳುಗಳೇ ಆದ್ವು. ಮತ್ತೆ ಆ ಟ್ಯೂಬು ಯಾಕೆ ಬೇಕಾಯ್ತು?"

ಅವನು ಬ್ರೆಡ್ಡಿನ ತುಂಡನ್ನು ತಟ್ಟೆಗೆ ಹಾಕಿದ.

"ಅವಳ ಪ್ರಯೋಗ ಮುಗಿದ್ರೆ ಇಲ್ಲಿಂದ ಹೊರಟುಹೋಗ್ತಾಳೆ ಮೇಡಂ. ಸ್ವಲ್ಪ ತಡ ಆಗ್ಲಿ ಅಂತ ಫ್ಲಾಸ್ಕಿಗೆ ಹಾಕ್ದೆ, ಅಷ್ಟೇ. ದಿನಾ ಬಂದು ಊಟ ಆಯ್ತಾ ಅಂತ ಕೇಳೋಳು ಅವಳೊಬ್ಬಳೇ."

"ಅವಳನ್ನ ಇವತ್ತು ಕೆಲಸದಿಂದ ತೆಗೀತಿದ್ರು."

"ಅಯ್ಯೋ!" ಅವನು ದಡಬಡಿಸಿ ಎದ್ದ. "ನಂಗೊತ್ತಿರ್ಲಿಲ್ಲ. ನಾನೇ ಹೇಳ್ತೀನಿ. ಅವಳಿಗೂ, ನಿರ್ದೇಶಕರಿಗೂ."

ಬಾಗಿಲು ಅವನು ಮುಟ್ಟುವ ಮೊದಲೇ ತೆರೆಯಿತು. ಮುಖ ತೊಳೆದು, ಕಣ್ಣು ಕೆಂಪಾದ ಹುಡುಗಿ. ಕೈಯಲ್ಲಿ ಡಬ್ಬಿ.

"ಅಣ್ಣಾ, ಊಟ ಆಯ್ತಾ?"