ಪುಷ್ಪಲತಾ ಬಿಡದ ಹನ್ನೆರಡು ಜಿಬಿ

ನಂಬದವರು ಕೊಟ್ಟೂರಿನ ನನ್ನ ಸ್ಟುಡಿಯೊಗೆ ಬಂದು ನೋಡಬಹುದು, ಆ ಹಾರ್ಡ್‌ಡಿಸ್ಕ್ ಇನ್ನೂ ನನ್ನ ಹತ್ತಿರವೇ ಇದೆ.

ತೀರಿಕೊಂಡ ತನ್ನ ಹೆಂಡತಿ ಪುಷ್ಪಲತಾಳ ಜೊತೆಗಿನ ಮದುವೆಯ ವಿಡಿಯೊ ಆ ಡಿಸ್ಕಿನಲ್ಲಿತ್ತು, ಅದನ್ನು ಅಳಿಸಿಬಿಡಿ ಎಂದು ಕಾಂತೇಶ್ ಬಂದಿದ್ದ. ಅವನಿಗೆ ಮರುಮದುವೆ ನಿಶ್ಚಯವಾಗಿತ್ತು. ಹನ್ನೆರಡು ಜಿಬಿಯ ವಿಡಿಯೊ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಫೋಲ್ಡರ್ ಬರಿದಾಯಿತು. ಕಂಪ್ಯೂಟರ್ ಮಾತ್ರ ಡಿಸ್ಕಿನಲ್ಲಿ ಹನ್ನೆರಡು ಜಿಬಿ ತುಂಬಿದೆ ಎಂದೇ ತೋರಿಸಿತು. ಸುಡುವ ಮಧ್ಯಾಹ್ನದಲ್ಲೂ ಡಿಸ್ಕು ನೀರಿನ ಗಡಿಗೆಯಂತೆ ತಣ್ಣಗಿತ್ತು. ವೈರು ಕಿತ್ತರೂ ಒಳಗೆ ತಿರುಗುವ ಸದ್ದು ನಿಲ್ಲಲಿಲ್ಲ.

"ಲೆಕ್ಕ ತಪ್ಪೈತಿ. ಪೂರಾ ಫಾರ್ಮ್ಯಾಟ್ ಮಾಡ್ರಿ," ಎಂದ ಕಾಂತೇಶ್.

"ಮಾಡಂಗಿಲ್ಲ. ಜಾಗ ಆಕೀನ ಬಿಟ್ಟಿಲ್ಲ, ಬಿಡ್ಸಾಕ ನಾನ್ಯಾರು?" ಎಂದೆ.

ನಿಶ್ಚಿತಾರ್ಥದ ಫೋಟೊಗಳಿಗೆಂದು ಅವನು ತಂದಿದ್ದ ಹೊಸ ಪೆನ್‌ಡ್ರೈವನ್ನು ಅವನ ಕಣ್ಣೆದುರೇ ಬಿಚ್ಚಿ ಕಂಪ್ಯೂಟರಿಗೆ ಚುಚ್ಚಿದೆ. ಅದರಲ್ಲಿ ಒಂದು ಫೈಲೂ ಇರಲಿಲ್ಲ. ಹನ್ನೆರಡು ಜಿಬಿ ತುಂಬಿತ್ತು.