ನಿತೇಶನ ಎಡಗೈಯ ಗುರುತು

ನಿಶ್ಚಿತಾ ಆ ಬೆಳಿಗ್ಗೆ ಮಗ ನಿತೇಶನನ್ನು ಎತ್ತಿಕೊಂಡು ಬಂದವಳೇ ಅವನ ಎಡಗೈಯನ್ನು ರಚನಾಳ ಮುಂದೆ ಚಾಚಿದಳು. ಮೊಣಕೈ ಕೆಳಗೆ ಎದುರುಬದುರಾದ ಎರಡು ಪುಟ್ಟ ಕಮಾನುಗಳಂತೆ ಚರ್ಮ ಕಂದಿತ್ತು.

“ಯಾರು ಮಾಡಿದ್ದು ಅಂದ್ರೆ ‘ಮಾರಿ ಮಾಸಿ’ ಅಂತ ಅಳ್ತಾನೆ. ಹಿಂದಿಯಲ್ಲಿ ‘ಮಾರಿ’ ಅಂದ್ರೆ ಹೊಡೆದ್ಳು ತಾನೇ, ಈ ಮಗು ಇನ್ನು ಹೇಗೆ ಹೇಳ್ಬೇಕು?” ಅವಳು ಚೀಲದಿಂದ ತುಂಬುತೋಳಿನ ಅಂಗಿಯೊಂದನ್ನು ತೆಗೆದಳು. “ಈ ಸೆಕೆಯಲ್ಲಿ ಇಲ್ಲಿ ಇದನ್ನ ಹಾಕ್ತಾರೆ. ಗಾಯ ಮುಚ್ಚೋಕೆ ತಾನೇ? ಸಂಜೆ ಕೇಳಿದ್ರೆ ‘ಮಜಾಮಾ, ಚೆನ್ನಾಗಿದ್ದ’ ಅಂತಾರೆ, ಇನ್ನೊಂದು ಮಾತಿಲ್ಲ.”

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಒಂದು ವಸತಿ ಸೊಸೈಟಿಯ ನೆಲಮಹಡಿಯಲ್ಲಿ ರಚನಾ ಶಿಶುವಿಹಾರ ನಡೆಸುತ್ತಿದ್ದಳು. ಮಕ್ಕಳು ಮಾಸಿ ಎನ್ನುತ್ತಿದ್ದದ್ದು ಆಯಾ ಕೋಕಿಲಾಬೆನ್‌ಗೆ. ಹೊಡೆದೆಯಾ ಎಂದು ರಚನಾ ಎಲ್ಲರೆದುರೇ ಕೇಳಿದಳು. “ನಾ, ಬೆನ್”, ಇಲ್ಲ ಅಕ್ಕ ಎಂದಷ್ಟೇ ಗುಜರಾತಿಯಲ್ಲಿ ಹೇಳಿ ಕೋಕಿಲಾಬೆನ್ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಳೆಯಿಂದ ಬರಬೇಡ ಎಂದುಬಿಟ್ಟಳು ರಚನಾ.

ಮೇಲಿನ ಮಹಡಿಯಲ್ಲಿ ಅವಳ ಮಾವ ಚನ್ನಬಸಪ್ಪನವರಿದ್ದರು. ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚಿ ನಿವೃತ್ತರಾದವರು. ಸೊಸೈಟಿಯಲ್ಲಿ ಏನೇ ಕಳವಾದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಅವರ ಬೆನ್ನಿಗೆ ಯಾವಾಗಲೂ ರಚನಾ ಇರುತ್ತಿದ್ದಳು. ಇಂದೂ ಅವಳೇ ಎಲ್ಲವನ್ನೂ ಹೇಳಿ ಅಂಗಿಯನ್ನು ಮುಂದಿಟ್ಟಳು.

ಅವರು ಅಂಗಿಯನ್ನು ತಿರುಗಿಸಿ ನೋಡಿದರು. ಎಡತೋಳಿಗೆ ಮಾತ್ರ ಒಳಗಿನಿಂದ ದಪ್ಪ ಬಟ್ಟೆ ಹಚ್ಚಿ ಹೊಲಿದಿತ್ತು. ಆ ಜಾಗದಲ್ಲಿ ಹೊರಗಿನ ಎಳೆಗಳು ಕಿತ್ತೆದ್ದಿದ್ದವು.

“ನಿತೇಶ ಎಲ್ಲಾರಕಿಂತ ಮೊದಲ ಬರ್ತಾನ, ಹೌದಲ್ಲವಾ?”

“ಹೌದ್ರಿ ಮಾವಾರ. ಅವರವ್ವ ಕೆಲಸ ಮಾಡೂ ಬ್ಯಾಂಕು ದೂರ.”

“ಆ ಆಯಾನ ಕಳಸಬ್ಯಾಡ. ಸಂಜಿಗೆ ಎಲ್ಲಾರನೂ ಕೂಡಸು.”

ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಶಿಶುವಿಹಾರದ ಹಾಲ್‌ನಲ್ಲಿ ನಾಲ್ವರು ಕೂತರು. ನಿತೇಶ ಅಮ್ಮನ ತೊಡೆಯ ಮೇಲಿದ್ದ. ಚನ್ನಬಸಪ್ಪನವರು ಬಗ್ಗಿ, “ಮಾರಿ ಮಾಸಿ ಎಲ್ಲದಾಳಪಾ?” ಎಂದರು. ಹುಡುಗ ಜಾರಿ ಇಳಿದು ಓಡಿಹೋಗಿ ಕೋಕಿಲಾಬೆನ್‌ಳ ಕೊರಳಿಗೆ ಜೋತುಬಿದ್ದ.

“ಹಿಂದಿಯೊಳಗ ಮಾರಿ ಅಂದ್ರ ಹೊಡದ್ಲು. ಗುಜರಾತಿಯೊಳಗ ಮಾರಿ ಅಂದ್ರ ನನ್ನ. ನೀವು ಗದರಿದಾಗ ಅವ ‘ನನ್ನ ಮಾಸಿ’ ಬೇಕಂತ ಅತ್ತಾನ.”

ನಿಶ್ಚಿತಾ ತಬ್ಬಿಬ್ಬಾದಳು. ರಚನಾಳ ಮುಖ ಬಿಸಿಯಾಯಿತು. ಆಕೆಗೆ ಗುಜರಾತಿ ಚೆನ್ನಾಗಿ ಬರುತ್ತಿತ್ತು. ತಪ್ಪಿತಸ್ಥೆ ಸಿಕ್ಕಳೆಂಬ ನೆಮ್ಮದಿಯಲ್ಲಿ ಕಿವಿಗೊಟ್ಟಿರಲಿಲ್ಲ ಅಷ್ಟೇ.

“ಹಂಗಾದ್ರೆ ಆ ಗುರುತು?” ಎಂದಳು ನಿಶ್ಚಿತಾ.

“ಅವು ಹಾಲುಹಲ್ಲಿನ ಗುರುತು. ಬ್ಯಾರೆ ಮಕ್ಕಳು ಬರೂಕಿಂತ ಮೊದಲ ಎಂಜಲಾದ ಈ ಅಂಗಿ ತೊಳದು ಹಗ್ಗಕ್ಕ ಹಾಕಿರ್ತದ, ನಾನ ಬಾಲ್ಕನಿಯಿಂದ ನೋಡೇನಿ. ಅಂದಮ್ಯಾಲ ಕಚ್ಚಾಕ ಮತ್ತ್ಯಾವ ಮಗು ಇತ್ತು? ತನ್ನ ಕೈ ತಾನ ಕಚ್ಚಿಕೊಂಡಾನ. ಇಕಿ ಗಾಯ ಮುಚ್ಚಲಿಲ್ಲ. ಆಗಬಾರದಂತ ಬಟ್ಟಿ ಹೊಲದಾಳ.”

ನಿಶ್ಚಿತಾಳ ಕಣ್ಣು ತುಂಬಿತು. “ನನಗ್ಯಾಕೆ ಯಾರೂ ಹೇಳ್ಲಿಲ್ಲ?”

ಚನ್ನಬಸಪ್ಪನವರು ಆ ಪ್ರಶ್ನೆಯನ್ನು ಗುಜರಾತಿಯಲ್ಲಿ ಕೋಕಿಲಾಬೆನ್‌ಗೆ ಕೇಳಿದರು. ಅವಳು ರಚನಾಳತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಬಹಳ ಹೊತ್ತು ಹೇಳಿದಳು.

“ಏನಂತಾರೆ?” ಎಂದಳು ನಿಶ್ಚಿತಾ.

ಅದನ್ನು ನೀನೇ ಹೇಳು ಎನ್ನುವಂತೆ ಮಾವ ಸೊಸೆಯನ್ನೇ ನೋಡುತ್ತ ಕೂತರು. ರಚನಾ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು.

“ನೀವು ಆಟೋ ಹತ್ತಿದ ಕೂಡ್ಲೆ ಅವ ಕೈ ಕಚ್ಕೋತಾನಂತ. ಆಕಿ ತೊಡಿಮ್ಯಾಲ ಕೂಡಿಸ್ಕೊಂಡು ಹಾಡು ಹೇಳಿದ್ರ ಬಿಡ್ತಾನಂತ. ನಿಮಗ ಹೇಳ್ಬೇಕು ಅಂತ ಬಾಗಿಲಿಗೆ ಬಂದಿದ್ಲಂತ, ಒಂದೆರಡು ಸಲ...” ಅವಳು ಕೋಕಿಲಾಬೆನ್‌ಳತ್ತ ನೋಡಿ ಮುಂದುವರಿಸಿದಳು. “ರಚನಾಬೆನ್ ಪೂರ್ತಿ ಕೇಳದ ತಡದ್ರು ಅಂತಾಳ. ತಾಯಂದಿರಿಗೆ ಇಂಥಾವು ಹೇಳಿದ್ರ ಮಕ್ಕಳನ್ನ ಬಿಡಿಸಿಬಿಡ್ತಾರ, ಸುಮ್ನಿರು ಅಂದ್ರು... ಅಂತಾಳ.”

ನಿಶ್ಚಿತಾ ಎದ್ದು ಹೋಗಿ ಕೋಕಿಲಾಬೆನ್‌ಳ ಪಕ್ಕ ಚಾಪೆಯ ಮೇಲೆ ಕೂತಳು. “ಯಾವ ಹಾಡು ಅಂತ ಕೇಳಿ” ಎಂದಳು, ರಚನಾಳ ಮುಖ ನೋಡದೆ.

ರಚನಾ ಕೇಳಿದಳು.