ಒಂಬತ್ತು ನೇರ ಗೀರುಗಳು

ತಾರೀಕು ಹನ್ನೊಂದು, ಸೋಮವಾರ, ಬೆಳಗ್ಗೆ 10.20ಕ್ಕೆ ಠಾಣೆಗೆ ದೂರು ಬಂತು. ತಂದಾಕೆ ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಪುಸ್ತಕ ಮಾಡುವ ಮುದ್ರಣಾಲಯದ ಮ್ಯಾನೇಜರ್. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಗೀಚಿಹೋದ ಒಂದು ಸಿ.ಡಿ. ಇಷ್ಟಕ್ಕೂ ಪೊಲೀಸರೇ ಎಂದು ನಗಬೇಡಿ; ಇನ್‌ಸ್ಪೆಕ್ಟರ್ ನಕ್ಕು ಕೆಟ್ಟ.

"ಅಂಗಡೀಲಿ ಇನ್ನೊಂದು ಸಿಗಲ್ವಾ ಅಮ್ಮ?"

"ಕಂಪನಿ ಮುಚ್ಚಿ ಹನ್ನೆರಡು ವರ್ಷ ಆಯ್ತು ಸಾರ್. ಹಳೇ ಕಂಪ್ಯೂಟರ್ ಸತ್ತುಹೋಯ್ತು, ಹೊಸದು ತಂದ್ವಿ. ಅಚ್ಚಿನ ಯಂತ್ರ ನಡೆಸೋ ಸಾಫ್ಟ್‌ವೇರ್ ಇರೋದು ಇದೊಂದರಲ್ಲೇ. ಮುಂದಿನ ಸೋಮವಾರದೊಳಗೆ ಪುಸ್ತಕ ಹೋಗದಿದ್ರೆ ನಲವತ್ತೊಂದು ಮಕ್ಕಳು ಪರೀಕ್ಷೆಗೆ ಏನು ಓದ್ತಾರೆ?"

"ಪ್ರತಿ ಮಾಡಿಟ್ಟಿಲ್ವಾ?"

"ಇತ್ತು. ಸತ್ತ ಕಂಪ್ಯೂಟರಿನಲ್ಲಿ."

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ," ಎಂದು ಮಹಿಳಾ ಕಾನ್‌ಸ್ಟೇಬಲ್ ಗೊಣಗಿದಳು. ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ಎಫ್‌ಐಆರ್ ಬರೆಸಿದ.

11.45ಕ್ಕೆ ಮುದ್ರಣಾಲಯದಲ್ಲಿ ಪಂಚನಾಮೆ ನಡೆಯಿತು. ಬೀರುವಿನ ಬೀಗ ಮುರಿದಿರಲಿಲ್ಲ. ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಸಿ.ಡಿ.ಯ ಎರಡೂ ಮುಖಗಳ ಫೋಟೊ ತೆಗೆಸಿ, ಪಂಚರ ಸಹಿ ಹಾಕಿಸಿ ಜಪ್ತಿ ಮಾಡಿದರು. ಹೊಳೆಯುವ ಮುಖದಲ್ಲಿ ಒಂಬತ್ತು ಗೀರುಗಳಿದ್ದವು, ಎಲ್ಲವೂ ನಡುವಿನಿಂದ ಅಂಚಿಗೆ ನೇರವಾಗಿ. ಸಿ.ಡಿ. ಕೊನೆಯ ಸಲ ಚೆನ್ನಾಗಿ ಕಂಡದ್ದು ಗುರುವಾರ. ಶುಕ್ರವಾರ ಸಂದರ್ಶಕರ ಪುಸ್ತಕದಲ್ಲಿ ಒಂದೇ ಸಹಿ: ಎಂಟು ತಿಂಗಳ ಹಿಂದೆ ನಿವೃತ್ತರಾದ ಮೆಕ್ಯಾನಿಕ್ ಅವರದು. 3.40ಕ್ಕೆ ಬಂದು 4.05ಕ್ಕೆ ಹೋಗಿದ್ದರು.

"ಅವರು ನಮ್ಮ ತಿರುಪು ಮೇಷ್ಟ್ರು ಸಾರ್, ಅವರ ಮೇಲೆ ಅನುಮಾನ ಪಡಬೇಡಿ," ಎಂದಳು ಮ್ಯಾನೇಜರ್. "ಇಪ್ಪತ್ತಾರು ವರ್ಷ ಆ ಯಂತ್ರಾನ ಮಗು ಥರ ಸಾಕಿದ್ದಾರೆ."

"ಇದನ್ನ ಸರಿಮಾಡೋರು ಯಾರಾದ್ರೂ ಇದ್ದಾರಾ?"

"ಇದ್ರೆ ಅವರೊಬ್ಬರೇ."

ಅನುಮಾನವಿದ್ದವರ ಕೈಗೇ ಸಾಕ್ಷ್ಯ ಕೊಡುವುದು ಸಣ್ಣ ಮಾತಲ್ಲ. ಆದರೆ ಮಕ್ಕಳ ಪರೀಕ್ಷೆ ಕಾಯುವುದಿಲ್ಲವಲ್ಲ. ಇನ್‌ಸ್ಪೆಕ್ಟರ್ ನ್ಯಾಯಾಲಯದ ಅನುಮತಿ ತಂದ. ಕೆಲಸ ಠಾಣೆಯಲ್ಲೇ, ತನ್ನ ಕಣ್ಣೆದುರಿಗೇ ಆಗಬೇಕೆಂದ.

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೂರು ಹಳೇ ಸಿ.ಡಿ. ಡ್ರೈವ್‌ಗಳನ್ನು ಹೊತ್ತು ಬಂದರು. ಸೋಪಿನ ನೀರಿನಲ್ಲಿ ಸಿ.ಡಿ. ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಿದರು. ಪಾಲಿಶ್ ಹಚ್ಚಿ ಉಜ್ಜಿದರು. ಒಂದು ಡ್ರೈವ್ ಓದದ ತುಣುಕನ್ನು ಇನ್ನೊಂದರಲ್ಲಿ ಓದಿಸುತ್ತ, ತುಣುಕು ತುಣುಕಾಗಿ ಠಾಣೆಯ ಕಂಪ್ಯೂಟರಿಗೆ ಇಳಿಸತೊಡಗಿದರು. ಬಾಯಿಗಂತೂ ಬಿಡುವೇ ಇಲ್ಲ.

"ಗುಂಡಗೆ ಉಜ್ಜಬಾರದು ಸಾರ್. ನಡುವಿನಿಂದ ಅಂಚಿಗೆ ಹೋಗೋ ಅಡ್ಡ ಗೀರನ್ನ ಲೇಸರ್ ಹಾರಿ ದಾಟುತ್ತೆ. ಸುತ್ತಿನ ಗೀರಾದ್ರೆ ಮಾಹಿತಿಯ ಸಾಲೇ ಹೋಯ್ತು, ಬ್ರಹ್ಮ ಬಂದ್ರೂ ಆಗಲ್ಲ."

ಇನ್‌ಸ್ಪೆಕ್ಟರ್ ಮನೆಯಲ್ಲಿ ಮಾತಾಡುವವರಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷ. ಎರಡು ದಿನ ಮೇಷ್ಟ್ರ ಜೊತೆ ಟೀ ಕುಡಿದು ಅವನಿಗೆ ಆ ಮಾತಿನ ರುಚಿ ಹತ್ತಿತ್ತು. ಗೀಚಿದ್ದು ಈ ಮನುಷ್ಯ ಆಗಿರದಿದ್ದರೆ ಸಾಕಪ್ಪಾ ಎಂದು ಒಳಗೊಳಗೇ ಹಾರೈಸಿದ.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂದೇ ಒಂದು ಫೈಲ್ ಉಳಿದಿತ್ತು. ಮೂರು ಡ್ರೈವ್‌ಗಳೂ ಕೈಚೆಲ್ಲಿದವು. ಮೇಷ್ಟ್ರ ಕುತ್ತಿಗೆಯ ಮೇಲೆ ಬೆವರು ಇಳಿಯಿತು. ಒಂಬತ್ತನೇ ಗೀರಿನ ಮೇಲೆ ಬೆರಳಿಟ್ಟು, "ಇಷ್ಟು ಆಳ ಹೋಗಬಾರದಿತ್ತು. ಕೈ ನಡುಗಿಬಿಡ್ತು," ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಇನ್‌ಸ್ಪೆಕ್ಟರಿಗೆ ಕೇಳಿಸಿತು. ಆದರೂ ಬಾಯಿ ಬಿಡಲಿಲ್ಲ. ಮೊದಲು ಫೈಲ್ ಬರಲಿ. ಮೇಷ್ಟ್ರು ಮತ್ತೆ ಪಾಲಿಶ್ ಹಚ್ಚಿದರು, ಡ್ರೈವಿನ ವೇಗ ತಗ್ಗಿಸಿದರು. 12.50ಕ್ಕೆ ಕೊನೆಯ ತುಣುಕೂ ಇಳಿಯಿತು. ಕಾನ್‌ಸ್ಟೇಬಲ್ ಪ್ರತಿ ಹಿಡಿದು ಮುದ್ರಣಾಲಯಕ್ಕೆ ಓಡಿದಳು.

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಬರಹ ಇರೋ ಮುಖದಲ್ಲಿ ಗೀಚಿದ್ರೆ?"

"ಮಾಹಿತಿ ಆ ಬಣ್ಣದ ಕೆಳಗೇ ಇರೋದು ಸಾರ್. ಮುಗೀತು."

"ಹಾಳು ಮಾಡೋಕೆ ಬಂದೋನು ಅಲ್ಲಿ ಯಾಕೆ ಗೀಚಲಿಲ್ಲ? ಒಂಬತ್ತೂ ಅಡ್ಡ ಗೀರೇ ಯಾಕೆ?"

ಮೇಷ್ಟ್ರು ಬಟ್ಟೆ ಮಡಚತೊಡಗಿದರು.

"ಕೈ ನಡುಗಿದ್ದು ಯಾರದು ಮೇಷ್ಟ್ರೇ?"

"ನಂದೇ." ಮೇಷ್ಟ್ರು ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಸಿ.ಡಿ. ಓದದಿದ್ರೆ ನನ್ನ ಕರೀತಾರೆ ಅಂದ್ಕೊಂಡೆ. ಅರ್ಧ ದಿನದ ಕೆಲಸ. ಶನಿವಾರ ಕಾದೆ, ಭಾನುವಾರ ಕಾದೆ. ಸ್ನಾನಕ್ಕೆ ಹೋದ್ರೂ ಫೋನು ಕಿಟಕಿ ಮೇಲಿಟ್ಕೊಂಡೇ ಹೋದೆ. ಮೇಡಂ ನಿಮಗೆ ದೂರು ಕೊಟ್ರು. ನನಗ್ಯಾಕೆ ಸಾರ್ ಫೋನ್ ಮಾಡಲಿಲ್ಲ?"

ಈ ಪ್ರಶ್ನೆಯನ್ನು ಇನ್‌ಸ್ಪೆಕ್ಟರ್ ಮ್ಯಾನೇಜರನ್ನು ಮೊದಲೇ ಕೇಳಿದ್ದ.

"ದುಡಿದು ದಣಿದಿದ್ದಾರೆ, ಪಾಪ, ವಿಶ್ರಾಂತಿ ತಗೊಳ್ಳಲಿ, ತೊಂದರೆ ಕೊಡಬಾರದು ಅಂತಂತೆ."

"ತೊಂದರೆ," ಎಂದರು ಮೇಷ್ಟ್ರು. ನಗಲು ಹೋದರು, ಅಳು ಬಂತು. 

ಸಂಜೆ 4.30ಕ್ಕೆ ಬಂಧನದ ಪತ್ರ ಬರೆಯಲಾಯಿತು. ನಿಯಮದ ಪ್ರಕಾರ ಕೇಳಲೇಬೇಕಾದ ಮಾತನ್ನು ಇನ್‌ಸ್ಪೆಕ್ಟರ್ ಕೇಳಿದ: "ನಿಮ್ಮನ್ನ ಬಂಧಿಸಿರೋದು ಯಾರಿಗೆ ತಿಳಿಸಬೇಕು?"

ಮೇಷ್ಟ್ರು ಯೋಚಿಸಿದರು. ತುಂಬ ಯೋಚಿಸಿದರು. ಕೊನೆಗೆ ತಡವರಿಸದೆ ಒಂದು ನಂಬರು ಹೇಳಿದರು. ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರಿಗೆ ಗೊತ್ತಾಯಿತು, ಅದು ಮುದ್ರಣಾಲಯದ್ದು.

"ಬೇರೆ ಯಾರೂ ಇಲ್ಲ ಸಾರ್."

ತನ್ನನ್ನು ಯಾರಾದರೂ ಹೀಗೆ ಕೇಳಿದರೆ ಏನು ಹೇಳುವುದೆಂದು ಇನ್‌ಸ್ಪೆಕ್ಟರಿಗೂ ಹೊಳೆಯಲಿಲ್ಲ. ತಾನೇ ನಂಬರು ಒತ್ತಿ, ಅತ್ತ ಮ್ಯಾನೇಜರ್ ಎತ್ತಿದ ಮೇಲೆ ವಿಷಯ ತಿಳಿಸಿದ. ಅವಳ ಹಿಂದೆ ಅಚ್ಚಿನ ಯಂತ್ರ ಟಕಟಕನೆ ಹೊಡೆಯುತ್ತಿತ್ತು. ಇನ್‌ಸ್ಪೆಕ್ಟರ್ ಫೋನನ್ನು ಮೇಷ್ಟ್ರ ಕಿವಿಗೆ ಕೊಟ್ಟ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಸದ್ದನ್ನು ಕೇಳುತ್ತ ನಿಂತರು.